ಮಂಚದ ಕೆಳಗಿದ್ದ ಮಾರ್ಕ್ಸ್ ಕಾರ್ಡುಗಳು

ಕಳೆದ ತಿಂಗಳು ನಮ್ಮ ಬೀದಿಯ ಇಸ್ತ್ರಿ ಅಂಗಡಿಯವನು ಇದ್ದಿಲ ಪೆಟ್ಟಿಗೆಯನ್ನು ಮೂಲೆಗೆ ಸರಿಸಿ ಹಬೆಯ ಇಸ್ತ್ರಿಯೊಂದನ್ನು ತಂದ. ಬೆಳಿಗ್ಗೆ ಹಾಲಿಗೆಂದು ಹೊರಟವಳು ಅವನ ಅಂಗಡಿಯ ಮುಂದೆ ನಿಂತುಬಿಟ್ಟೆ. ಯಾರದೋ ಹೊಸ ಶರ್ಟಿನ ಮೇಲೆ ಹಬೆ ಬಿಟ್ಟಿದ್ದ. ಗಂಜಿ, ಮೆಶಿನ್ ಎಣ್ಣೆ, ಬಿಸಿಯಾದ ಹತ್ತಿ ಮೂರೂ ಕಲೆತ ಆ ವಾಸನೆ ಮೂಗಿಗೆ ಬಡಿದಾಗ ನನಗೆ ಹದಿನೇಳು ವರ್ಷ ದುಡಿದ ಬೆಂಗಳೂರು ನೆನಪಾಗಲಿಲ್ಲ. ಆರೇ ತಿಂಗಳು ಇದ್ದ ಅಹಮದಾಬಾದಿನ ನರೋಡಾ ನೆನಪಾಯಿತು. ಮನೆಗೆ ಬಂದು ಹಾಲು ಕಾಯಿಸಿದೆ, ಮಗಳಿಗೆ ಬುತ್ತಿ ಕಟ್ಟಿದೆ, ಆದರೆ ಇಡೀ ದಿನ ನಾನು ಇದ್ದದ್ದು ಅಲ್ಲಿಯೇ.

ನನ್ನ ಊರು ಮದ್ದೂರಿನ ಹತ್ತಿರ. ಮಗಳು ಕಾವ್ಯಾ ಹುಟ್ಟಿದ ವರ್ಷವೇ ಗಂಡ ಮನೆ ಬಿಟ್ಟು ಹೋದ. ಕೂಸನ್ನು ಅವ್ವನ ಕೈಗೆ ಕೊಟ್ಟು, ಬೆಳಗಿನ ಐದು ಗಂಟೆಗೆ ಬರುವ ಕಂಪನಿ ವ್ಯಾನು ಹತ್ತಿ ನಾನು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗತೊಡಗಿದೆ. ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಿದವಳು ಟೈಲರ್ ಆದೆ, ಚೆಕ್ಕರ್ ಆದೆ, ಲೈನ್ ಸೂಪರ್‌ವೈಸರ್ ಆದೆ, ಕೊನೆಗೆ ಹೊಸಬರಿಗೆ ಹೊಲಿಗೆ ಕಲಿಸುವ ಟ್ರೈನರ್ ಆದೆ. ಮೊದಲ ಸಂಬಳದಲ್ಲಿ ಅವ್ವನಿಗೆ ಕನ್ನಡಕ ಮಾಡಿಸಿದೆ. ಊರಿನಲ್ಲಿ ನನ್ನ ಬೆನ್ನ ಹಿಂದೆ ಮಾತಾಡುತ್ತಿದ್ದವರೇ ಆಮೇಲೆ ತಮ್ಮ ಸೊಸೆಯಂದಿರನ್ನು ಕರೆದುಕೊಂಡು ಹೋಗು ಎಂದು ಬಾಗಿಲಿಗೆ ಬಂದರು. ಆದ್ದರಿಂದ ಗಾರ್ಮೆಂಟ್ಸನ್ನು ಯಾರಾದರೂ ಬೈದರೆ ನನಗೆ ಸಿಟ್ಟು ಬರುತ್ತಿತ್ತು. ನಮ್ಮಂಥ ಹೆಂಗಸರಿಗೆ ಹೊಲ, ಮನೆ ಬಿಟ್ಟರೆ ಮೂರನೆಯದೊಂದು ಜಾಗ ಇದೆ ಎಂದು ತೋರಿಸಿದ್ದೇ ಅದು.

ಕಂಪನಿಯವರು ನರೋಡಾದಲ್ಲಿ ಹೊಸ ಘಟಕ ತೆರೆದಾಗ ನನ್ನನ್ನು ಕರೆದರು. ಒಂದು ವರ್ಷ ಅಲ್ಲಿದ್ದು ಹೊಸ ಹುಡುಗಿಯರಿಗೆ ಕಲಿಸು, ವಾಪಸು ಬಂದಮೇಲೆ ಬೆಂಗಳೂರಿನ ತರಬೇತಿ ವಿಭಾಗ ನಿನ್ನದೇ ಎಂದರು. ಕಾವ್ಯಾ ಆಗ ಮೊದಲ ಪಿಯುಸಿ. ಒಂದು ವರ್ಷ ತಾನೆ ಎಂದು ಒಪ್ಪಿಕೊಂಡೆ.

ಹೋಗಿ ಇಳಿದದ್ದು ಜನವರಿಯ ಕೊನೆಯಲ್ಲಿ. ಸಂಕ್ರಾಂತಿಯ ಗಾಳಿಪಟಗಳು ಇನ್ನೂ ಕರೆಂಟ್ ತಂತಿಗಳಲ್ಲಿ, ಬೇವಿನ ಮರಗಳಲ್ಲಿ ಹರಿದು ನೇತಾಡುತ್ತಿದ್ದವು. ಕಾರ್ಖಾನೆ ಕೈಗಾರಿಕಾ ವಸಾಹತಿನ ಒಳಗಡೆ. ಸಂಜೆಯಾದರೆ ಸುತ್ತಲಿನ ಕೆಮಿಕಲ್ ಫ್ಯಾಕ್ಟರಿಗಳಿಂದ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತಿತ್ತು. ಮೊದಲ ವಾರ ವಾಂತಿಯಾಯಿತು, ಎರಡನೆಯ ವಾರ ಅಭ್ಯಾಸವಾಯಿತು. ಕಾರ್ಖಾನೆಯ ಹಿಂದೆಯೇ, ಅದೇ ಕಾಂಪೌಂಡಿನೊಳಗೆ, ಮೂರು ಅಂತಸ್ತಿನ ಹಾಸ್ಟೆಲು. ದಾಹೋದ್ ಕಡೆಯ ಗುಡ್ಡಗಾಡಿನ ಹಳ್ಳಿಗಳಿಂದ ಕರೆತಂದ ಅರವತ್ತೆರಡು ಹುಡುಗಿಯರು ಅಲ್ಲಿದ್ದರು. ಎಲ್ಲರೂ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರವರು. ನಾನೂ ಹೆಂಗಸು, ಒಬ್ಬಳೇ ಬಂದವಳು ಎಂದು ನೆಲ ಅಂತಸ್ತಿನ ಕೋಣೆಯೊಂದನ್ನು ನನಗೆ ಕೊಟ್ಟರು. ವಾರ್ಡನ್ ಕೆಲಸವೂ ಜೊತೆಗೆ ಬಂತು. ಯಾರಾದರೂ ಹೊರಗೆ ಹೋಗಬೇಕಾದರೆ ನಾನು ಚೀಟಿ ಬರೆಯಬೇಕು, ಮ್ಯಾನೇಜರ್ ಸಹಿ ಹಾಕಬೇಕು, ಗೇಟಿನ ಕಾಂತಿಕಾಕಾ ಅದನ್ನು ದಪ್ಪ ರಿಜಿಸ್ಟರಿನಲ್ಲಿ ಬರೆದುಕೊಂಡು ಬಿಡಬೇಕು. ನಾನು ಹೋಗುವುದಿದ್ದರೂ ಹಾಗೆಯೇ. ನನ್ನ ಚೀಟಿಯನ್ನು ನಾನೇ ಬರೆದುಕೊಳ್ಳುತ್ತಿದ್ದೆ ಎಂಬುದಷ್ಟೇ ವ್ಯತ್ಯಾಸ.

ಕಲಿಸುವ ಕೆಲಸ ಮಾತ್ರ ಚೆನ್ನಾಗಿತ್ತು. ಮೊದಲು ಸೂಜಿಗೆ ದಾರ ಪೋಣಿಸದೆ ಕಾಗದದ ಮೇಲೆ ಹೊಲಿಸುತ್ತಿದ್ದೆ. ಕಾಗದದಲ್ಲಿ ಗೆರೆ ಇರುತ್ತದೆ. ಸೂಜಿಯ ತೂತು ಗೆರೆಯ ಮೇಲೆಯೇ ಬೀಳಬೇಕು. ನೇರ ಗೆರೆ, ಆಮೇಲೆ ಮೂಲೆ, ಆಮೇಲೆ ಸುತ್ತು. ಕೈ ಕುದುರಿದ ಮೇಲೆ ಬಟ್ಟೆ. ನನ್ನ ಹಿಂದಿ ಹರಕು ಮುರುಕು, ಅವರ ಹಿಂದಿಯೂ ಅಷ್ಟಕ್ಕಷ್ಟೆ. ತಪ್ಪಾದಾಗ ನಾನು ಕನ್ನಡದಲ್ಲಿ "ಅಯ್ಯೋ ಶಿವನೇ" ಅನ್ನುತ್ತಿದ್ದೆ. ಒಂದು ತಿಂಗಳಲ್ಲಿ ಇಡೀ ಲೈನು ಸೂಜಿ ಮುರಿದಾಗಲೆಲ್ಲ "ಅಯ್ಯೋ ಶಿವನೇ" ಅನ್ನತೊಡಗಿತು.

ರಮೀಲಾ ಅವರಲ್ಲಿ ಒಬ್ಬಳು. ತೆಳ್ಳಗೆ, ಕಪ್ಪಗೆ, ಎಡಗೈಯ ಮೇಲೆ ಹಚ್ಚೆ. ಶರ್ಟಿಗೆ ಕಾಲರ್ ಕೂರಿಸುವುದು ಕಷ್ಟದ ಕೆಲಸ, ಬೆಂಗಳೂರಿನಲ್ಲಿ ಅದನ್ನು ಕಲಿಯಲು ನನಗೆ ನಾಲ್ಕು ತಿಂಗಳು ಹಿಡಿದಿತ್ತು. ಅವಳು ಮೂರು ವಾರದಲ್ಲಿ ಕಲಿತಳು. ಅವಳ ಪಕ್ಕದ ಮೆಶಿನ್ನು ಹಂಸಾಳದು. ಹಂಸಾ ದುಂಡು ಮುಖದವಳು, ನಿಧಾನದವಳು, ಬೈದರೆ ನಗುವವಳು. ರಮೀಲಾ ತನ್ನ ಬಂಡಲು ಮುಗಿಸಿ ಹಂಸಾಳ ಕಫ್‌ಗಳನ್ನು ಸದ್ದಿಲ್ಲದೆ ಎಳೆದುಕೊಂಡು ಹೊಲಿದುಕೊಡುವುದನ್ನು ನಾನು ನೋಡಿಯೂ ನೋಡದ ಹಾಗಿದ್ದೆ.

ಮ್ಯಾನೇಜರ್ ತ್ರಿವೇದಿ ಸಾಹೇಬರು ಕಿರುಚಾಡುವವರಲ್ಲ. ಮಾರ್ಚಿನಲ್ಲಿ ಸರ್ಕಾರದ ಕಡೆಯ ಕೆಲವರು ಘಟಕ ನೋಡಲು ಬಂದಾಗ ಅವರು ಮೀಟಿಂಗ್ ಕೋಣೆಯ ಗೋಡೆಗೆ ಪ್ರಪಂಚದ ನಕ್ಷೆ ಹಾಕಿಸಿ ಮಾತಾಡಿದರು. ಇಂಗ್ಲೆಂಡ್ ಮೇಲೆ ಬಂದದ್ದು ಬಟ್ಟೆಯಿಂದ, ಜಪಾನ್ ಮೇಲೆ ಬಂದದ್ದು ಬಟ್ಟೆಯಿಂದ, ಆಮೇಲೆ ಕೊರಿಯಾ, ಈಗ ನಮ್ಮ ಪಕ್ಕದ ಬಾಂಗ್ಲಾದೇಶ. "ಬಡ ದೇಶ ಮೊದಲು ಶರ್ಟು ಹೊಲಿಯುತ್ತದೆ, ಆಮೇಲೆ ರೇಡಿಯೋ ಮಾಡುತ್ತದೆ, ಆಮೇಲೆ ಕಾರು. ಆ ಏಣಿಯ ಮೊದಲ ಮೆಟ್ಟಿಲ ಮೇಲೆ ಕೂತವರು ನಮ್ಮ ಈ ಹುಡುಗಿಯರು," ಎಂದು ಗಾಜಿನ ಆಚೆ ಕಾಣುತ್ತಿದ್ದ ಲೈನನ್ನು ತೋರಿಸಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಅವರು ಹೇಳಿದ್ದು ಸುಳ್ಳು ಅನ್ನಿಸಲಿಲ್ಲ. ನನ್ನ ಬದುಕೇ ಹಾಗೆ ಮೇಲೆ ಬಂದಿತ್ತಲ್ಲ. ಹೆಮ್ಮೆಯೇ ಆಯಿತು.

ಅದನ್ನು ಕಾಂತಿಕಾಕಾನ ಹತ್ತಿರ ಹೇಳಿದೆ. ಅಲ್ಲಿಯ ಎಲ್ಲರಂತೆ ಅವನೂ ನನ್ನನ್ನು ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದ. ಅರವತ್ತು ದಾಟಿದ ಆ ಕಾವಲುಗಾರನ ಅಪ್ಪ, ಅಜ್ಜ ಇಬ್ಬರೂ ಅಹಮದಾಬಾದಿನ ಬಟ್ಟೆ ಮಿಲ್ಲಿನವರು. ಅವನೂ ಹುಡುಗನಾಗಿದ್ದಾಗ ಸೇರಿದ್ದ. ಮಿಲ್ಲು ಮುಚ್ಚಿತು. "ಒಂದು ಬೆಳಿಗ್ಗೆ ಹೋದೆವು, ಗೇಟಿಗೆ ಬೀಗ. ಮೂರು ಪಾಳಿಯ ಜನ ರಸ್ತೆಯಲ್ಲಿ ನಿಂತೆವು ಬೆನ್. ಆಗ ಬೀಗ ಹಾಕಿ ಜನರನ್ನು ಹೊರಗೆ ನಿಲ್ಲಿಸಿದ್ದರು. ಈಗ ಒಳಗೆ," ಎಂದು ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ತಂಬಾಕು ತಿಕ್ಕಿದ.

ಏಪ್ರಿಲ್ ಬಂತು. ಅಂಥ ಬಿಸಿಲನ್ನು ನಾನು ಕಂಡಿರಲಿಲ್ಲ. ತಗಡಿನ ಸೂರಿನ ಕೆಳಗೆ ಅರವತ್ತಕ್ಕೂ ಹೆಚ್ಚು ಮೆಶಿನ್ನು, ಕೊನೆಯಲ್ಲಿ ಇಸ್ತ್ರಿಯ ಹಬೆ. ಕೂಲರುಗಳು ಬಿಸಿ ಗಾಳಿಯನ್ನೇ ತಿರುಗಿಸುತ್ತಿದ್ದವು. ದೂಳು ಬಿದ್ದರೆ ಬಿಳಿ ಶರ್ಟು ಹಾಳು ಎಂದು ಕಿಟಕಿ ತೆರೆಯುವ ಹಾಗಿಲ್ಲ. ಹುಡುಗಿಯರು ಓಢಣಿಯನ್ನು ಒದ್ದೆ ಮಾಡಿ ತಲೆಗೆ ಸುತ್ತಿಕೊಂಡು ಹೊಲಿಯುತ್ತಿದ್ದರು. ಕೆಲಸ ಮುಗಿದರೆ ಮೂವತ್ತು ಹೆಜ್ಜೆಯಲ್ಲಿ ಹಾಸ್ಟೆಲು. ಅಲ್ಲಿಯೂ ಅದೇ ಕಾಂಪೌಂಡು, ಅದೇ ವಾಸನೆ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಹತ್ತತ್ತು ಮಂದಿಯ ಗುಂಪು ಮಾಡಿ ಹತ್ತಿರದ ಮಾರುಕಟ್ಟೆಗೆ ನಾನೇ ಕರೆದುಕೊಂಡು ಹೋಗಿ, ಎಣಿಸಿ ವಾಪಸು ತರಬೇಕಾಗಿತ್ತು.

ನನ್ನ ಪಾಲಿನ ಭಾನುವಾರಗಳಲ್ಲಿ ನಾನು ಮಣಿನಗರದ ಗಿರಿಜಕ್ಕನ ಮನೆಗೆ ಹೋಗುತ್ತಿದ್ದೆ. ಧಾರವಾಡ ಕಡೆಯವರು, ಅವರ ಯಜಮಾನರು ರೈಲ್ವೆಯಲ್ಲಿದ್ದರು. ನಾನು ಬರುವಾಗ ರೈಲಿನಲ್ಲಿ ಪರಿಚಯವಾಗಿದ್ದವರು. ಅಲ್ಲಿ ಕೂತು ಜೋಳದ ರೊಟ್ಟಿ ತಿಂದು, ಕನ್ನಡದಲ್ಲಿ ಮಾತಾಡಿ, ಸಂಜೆಯೊಳಗೆ ಓಡಬೇಕು.

"ಅಲ್ಲವಾ ಜಯಾ, ಇಷ್ಟ ದೊಡ್ಡಾಕಿ ಇದ್ದೀ, ನೀನೂ ಎಂಟು ಗಂಟೇದೊಳಗ ಗೇಟಿನ ಒಳಗ ಇರಬೇಕೇನು?" ಎಂದು ಕೇಳಿದರು ಒಮ್ಮೆ.

"ಹೂಂ ಕನಕ್ಕ. ನಾನೇ ತಡ ಮಾಡುದ್ರೆ ಆ ಮಕ್ಳಿಗೆ ಏನು ಹೇಳ್ಲಿ?"

"ಮಕ್ಕಳ ಮಾತು ಬಿಡು. ನಿನಗ ಉಸಿರು ಕಟ್ಟೂದಿಲ್ಲೇನು?"

ನಾನು ನಕ್ಕು ರೊಟ್ಟಿ ಮುರಿದೆ.

ಜೂನ್ ಕೊನೆಗೆ ಮಳೆ ಹಿಡಿಯಿತು. ಅದೇ ಹೊತ್ತಿಗೆ ದೊಡ್ಡ ಆರ್ಡರು ಬಂತು, ಭಾನುವಾರಗಳು ನಿಂತವು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ರಮೀಲಾ ನನ್ನ ಮುಂದೆ ತನ್ನ ಫೋನು ಹಿಡಿದಳು. ಬಂದ ಮೆಸೇಜು ಗುಜರಾತಿಯಲ್ಲಿತ್ತು, ನನಗೆ ಓದಲು ಬರಲಿಲ್ಲ. ಅವಳೇ ವಿವರಿಸಿದಳು. ಇಲ್ಲಿಗೆ ಬರುವ ಮೊದಲೇ ಹನ್ನೆರಡನೆಯ ತರಗತಿ ಮುಗಿಸಿದ್ದಳು. ಈ ವರ್ಷ ಊರಿನ ಟೀಚರೊಬ್ಬರ ಮೂಲಕ ನರ್ಸಿಂಗಿಗೆ ಅರ್ಜಿ ಹಾಕಿಸಿದ್ದಳಂತೆ. ವಡೋದರಾದಲ್ಲಿ ಸೀಟು ಸಿಕ್ಕಿದೆ. ಮೂರು ವಾರದೊಳಗೆ ಮೂಲ ಮಾರ್ಕ್ಸ್ ಕಾರ್ಡು, ಶಾಲೆ ಬಿಟ್ಟ ಸರ್ಟಿಫಿಕೇಟು, ಜಾತಿ ಪ್ರಮಾಣಪತ್ರ ಹಿಡಿದು ಹಾಜರಾಗಬೇಕು. ಹಾಜರಾಗದಿದ್ದರೆ ಸೀಟು ಬೇರೆಯವರಿಗೆ.

"ಒಳ್ಳೆಯದಾಯಿತಲ್ಲ," ಎಂದೆ.

"ಕಾಗದಗಳು ಆಫೀಸಿನಲ್ಲಿವೆ ಬೆನ್."

ಅದು ನನಗೆ ಗೊತ್ತಿತ್ತು. ಸೇರುವಾಗ ಜೋಪಾನಕ್ಕೆ ಎಂದು ಎಲ್ಲರ ಮೂಲ ಕಾಗದಗಳನ್ನೂ ಆಫೀಸಿನಲ್ಲಿ ಇಟ್ಟುಕೊಂಡಿದ್ದರು. ಒಂದು ವರ್ಷ ತುಂಬುವ ತನಕ ಕೊಡುತ್ತಿರಲಿಲ್ಲ. ಬೆಂಗಳೂರಿನಲ್ಲಿ ಇಂಥದ್ದನ್ನು ನಾನು ನೋಡಿರಲಿಲ್ಲ. ಅಲ್ಲಿ ನಾವು ಒಂದು ಕಂಪನಿ ಸರಿಹೋಗದಿದ್ದರೆ ಮಾರನೆಯ ದಿನ ಪಕ್ಕದ ಕಂಪನಿಯ ಗೇಟಿಗೆ ಹೋಗಿ ನಿಲ್ಲುತ್ತಿದ್ದೆವು. ಇಲ್ಲಿಯ ಪದ್ಧತಿ ಹೀಗಿರಬೇಕು ಎಂದು ಸುಮ್ಮನಾಗಿದ್ದೆ.

ಅವಳ ಪರವಾಗಿ ತ್ರಿವೇದಿ ಸಾಹೇಬರ ಹತ್ತಿರ ಹೋದೆ. ಅವರು ಚಹಾ ತರಿಸಿದರು.

"ಜಯಾಬೆನ್, ಆ ಹುಡುಗಿ ಲೈನಿನ ಬೆನ್ನೆಲುಬು. ಶಿಪ್‌ಮೆಂಟ್ ಹೋಗುವ ತನಕ ಬಿಡಲಾಗುವುದಿಲ್ಲ."

"ಅಷ್ಟರಲ್ಲಿ ಅವಳ ತಾರೀಖು ಮುಗಿದಿರುತ್ತದೆ ಸಾಹೇಬರೆ."

"ಒಬ್ಬಳಿಗೆ ಕೊಟ್ಟರೆ ನಾಳೆ ಅರವತ್ತು ಮಂದಿಯೂ ಕೇಳುತ್ತಾರೆ. ಒಬ್ಬಳ ಅಕ್ಕನ ಮದುವೆ, ಇನ್ನೊಬ್ಬಳ ಅಜ್ಜಿಗೆ ಹುಷಾರಿಲ್ಲ. ಲೈನು ನಿಂತರೆ ಆರ್ಡರು ಹೋಗುತ್ತದೆ, ಆರ್ಡರು ಹೋದರೆ ಘಟಕವೇ ಹೋಗುತ್ತದೆ. ಮೇಲಿನವರು ನನ್ನನ್ನು ಕೇಳುತ್ತಾರೆ." ಚಹಾದ ಲೋಟವನ್ನು ನನ್ನ ಕಡೆ ಸರಿಸಿ ಹೇಳಿದರು: "ನಿಮ್ಮ ಬೆಂಗಳೂರಿನ ವರ್ಗದ ಪತ್ರಕ್ಕೆ ನಾನೇ ಸಹಿ ಹಾಕಬೇಕು. ಲೈನು ಚೆನ್ನಾಗಿ ಓಡಿತು ಎಂದು ಬರೆಯುವ ಆಸೆ ನನಗೂ ಇದೆ."

ಬೆದರಿಸಿದ ಹಾಗೇನೂ ಇರಲಿಲ್ಲ ದನಿ. ಆದರೂ ಚಹಾವನ್ನು ಹಾಗೆಯೇ ಮೇಜಿನ ಮೇಲೆ ಬಿಟ್ಟೆ. ಹಿಂದಿನ ರಾತ್ರಿಯಷ್ಟೇ ಕಾವ್ಯಾ ಫೋನಿನಲ್ಲಿ, "ಅವ್ವ, ಯಾವಾಗ ಬತ್ತೀಯ? ಅಜ್ಜಿ ಕೈಲಿ ನೀರು ಸೇದಕ್ಕೂ ಆಗ್ತಿಲ್ಲ" ಎಂದಿದ್ದಳು. ಒಂದು ವರ್ಷ ಮುಗಿಸದೆ, ಆ ಪತ್ರವಿಲ್ಲದೆ ಹೋದರೆ ಯಾವ ಕಂಪನಿಯೂ ನನ್ನನ್ನು ಹೆಲ್ಪರ್ ಕೆಲಸಕ್ಕಿಂತ ಮೇಲೆ ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ರಮೀಲಾಳನ್ನು ಕರೆದು ಹೇಳಿದೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕು, ಒಂದು ವರ್ಷ ಏನು ಮಹಾ, ಈ ಕೈಕೆಲಸ ನಿನ್ನನ್ನು ಎಲ್ಲಿ ಹೋದರೂ ಕಾಪಾಡುತ್ತದೆ, ನನ್ನನ್ನೇ ನೋಡು ಎಂದು ನನ್ನ ಕತೆಯನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬೆನ್, ನೀವು ಬೆಂಗಳೂರಿನಲ್ಲಿ ಕೆಲಸ ಮುಗಿದ ಮೇಲೆ ಮನೆಗೆ ಹೋಗುತ್ತಿದ್ದಿರಾ?"

"ಹೋಗುತ್ತಿದ್ದೆ. ದಿನಾ ಎರಡು ಗಂಟೆ ವ್ಯಾನಿನಲ್ಲಿ."

"ನಾವು ಹೋಗುವುದಿಲ್ಲ," ಎಂದಳು. ಎದ್ದು ಮೆಶಿನ್ನಿಗೆ ಹೋದಳು.

ಅವಳು ಅಳಲಿಲ್ಲ. ಕೆಲಸ ನಿಧಾನ ಮಾಡಲಿಲ್ಲ. ಅದೇ ವೇಗ, ಅದೇ ಅಚ್ಚುಕಟ್ಟು. ನನ್ನ ಜೊತೆ ಮಾತು ಮಾತ್ರ ನಿಂತಿತು. ಅವಳ ಲೈನಿನ ಹಿಂದೆ ನಡೆಯುವಾಗ ನನಗೆ ನನ್ನದೇ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು.

ಎರಡು ವಾರ ಕಳೆಯಿತು. ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯ ಪರವಾಗಿ ದೆಹಲಿಯಿಂದ ತಪಾಸಣೆಗೆ ಬರುತ್ತಾರೆ ಎಂದು ಸುದ್ದಿ ಬಂತು. ಕಕ್ಕಸುಗಳಿಗೆ ಹೊಸ ಬಾಗಿಲು ಬಂದವು. ಕೇಳಿದರೆ ಏನು ಹೇಳಬೇಕೆಂದು ಹುಡುಗಿಯರಿಗೆ ಪಾಠವಾಯಿತು; ಪಾಠ ಮಾಡಿದವಳು ನಾನೇ. ತಪಾಸಣೆಯ ಹಿಂದಿನ ಸಂಜೆ ಆಫೀಸಿನ ಗುಮಾಸ್ತ ಗುಂಡಿಗಳು ಬರುವ ರಟ್ಟಿನ ಡಬ್ಬವೊಂದನ್ನು ಹೊತ್ತು ನನ್ನ ಕೋಣೆಗೆ ಬಂದ. ಹಿಂದೆಯೇ ತ್ರಿವೇದಿ ಸಾಹೇಬರು.

"ಹುಡುಗಿಯರ ಕಾಗದಗಳು. ತಪಾಸಣೆಯವರು ಆಫೀಸಿನ ಕಪಾಟು ತೆರೆಸುತ್ತಾರೆ. ಎರಡು ದಿನ ನಿಮ್ಮ ಮಂಚದ ಕೆಳಗಿರಲಿ."

ನಾನು ಮಂಚದ ಅಂಚಿನ ಹೊದಿಕೆ ಎತ್ತಿದೆ. ಅವನು ಡಬ್ಬವನ್ನು ಒಳಗೆ ತಳ್ಳಿದ.

ದೆಹಲಿಯಿಂದ ಬಂದವಳು ಚಿಕ್ಕ ವಯಸ್ಸಿನ ಹೆಂಗಸು. ದಪ್ಪ ಕನ್ನಡಕ, ಹತ್ತಿಯ ಕುರ್ತಾ, ಕೈಯಲ್ಲಿ ತನ್ನದೇ ನೀರಿನ ಬಾಟಲಿ. ಇಡೀ ದಿನ ಎಲ್ಲರನ್ನೂ ಕೇಳಿ ಕೊನೆಗೆ ನನ್ನನ್ನು ತರಬೇತಿ ಕೋಣೆಗೆ ಕರೆದು ಬಾಗಿಲು ಹಾಕಿದಳು.

"ನೀವು ಹೇಳಿದ್ದು ಹೊರಗೆ ಹೋಗುವುದಿಲ್ಲ," ಎಂದಳು. "ಹುಡುಗಿಯರ ಮೂಲ ದಾಖಲೆಗಳನ್ನು ಇಲ್ಲಿ ಇಟ್ಟುಕೊಂಡಿದ್ದಾರೆಯೆ?"

"ಇಲ್ಲ ಮೇಡಂ. ಜೆರಾಕ್ಸ್ ಮಾತ್ರ."

ಬರೆದುಕೊಂಡಳು. "ನಿಮಗೆ ಬೇಕಾದಾಗ ನೀವು ಹೊರಗೆ ಹೋಗಬಹುದೆ?"

"ನಾನಾ?"

"ಹೌದು, ನೀವು."

"ಹೋಗಬಹುದು," ಎಂದೆ.

ಅವಳು ಪೆನ್ನನ್ನು ಹಾಳೆಯ ಮೇಲೆ ಹಿಡಿದೇ ಇದ್ದಳು. ಇನ್ನೇನಾದರೂ ಹೇಳುತ್ತೇನೆಂದು ಕಾದಿರಬೇಕು. ಆಮೇಲೆ ಫೈಲು ಮುಚ್ಚಿ ಥ್ಯಾಂಕ್ಸ್ ಹೇಳಿದಳು.

ಸಂಜೆ ಕೋಣೆಗೆ ಬಂದು ಮಂಚದ ಮೇಲೆ ಕೂತೆ. ಮೇಲಿನ ಅಂತಸ್ತಿನಲ್ಲಿ ಹುಡುಗಿಯರು ಬಕೆಟ್ಟುಗಳಿಗೆ ನೀರು ತುಂಬುವ ಸದ್ದು. ಹುಡುಗಿಯರ ಬಗ್ಗೆ ಹೇಳಿದ ಸುಳ್ಳಿಗೆ ನನ್ನಲ್ಲಿ ನೆಪಗಳಿದ್ದವು: ಸಂಬಳ, ಕಾವ್ಯಾ, ಸಾಹೇಬರು, ವರ್ಗದ ಪತ್ರ. ನನ್ನ ಬಗ್ಗೆಯೇ ಹೇಳಿದ ಸುಳ್ಳಿಗೆ ಯಾವ ನೆಪವೂ ಸಿಗಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳು ನಿನಗೆ ಹೊರಗೆ ಹೋಗಲು ಬಿಡುತ್ತಾರಾ ಎಂದು ಕೇಳಿದಳು. ಬಿಡುವುದಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಗಿತ್ತು. ಮದ್ದೂರಿನಲ್ಲಿ ನಾನು ಗಂಡನಿಲ್ಲದೆ ತಲೆಯೆತ್ತಿ ನಡೆದವಳು ಎಂದು ಹೆಸರಾದವಳು. ಇಲ್ಲಿ ಚೀಟಿ ಬರೆಯದೆ ಒಂದು ಬಾಳೆಹಣ್ಣು ತರಲು ಹೋಗುವ ಹಾಗಿರಲಿಲ್ಲ.

ಬಗ್ಗಿ ಡಬ್ಬ ಎಳೆದೆ. ಪ್ರತಿಯೊಬ್ಬರ ಕಾಗದಕ್ಕೂ ಪ್ಲಾಸ್ಟಿಕ್ ಕವರು, ಮೂಲೆಯಲ್ಲಿ ಚಿಕ್ಕ ಫೋಟೋ. ಗುಜರಾತಿ ಹೆಸರು ಓದಲು ಬಾರದೆ ಫೋಟೋ ನೋಡುತ್ತ ಒಂದೊಂದನ್ನೇ ಪಕ್ಕಕ್ಕಿಟ್ಟೆ. ರಮೀಲಾಳದು ಕೆಳಗಡೆ ಎಲ್ಲೋ ಇತ್ತು. ಅದನ್ನು ಸೀರೆಗಳ ನಡುವೆ ಇಟ್ಟು, ಉಳಿದವನ್ನು ಇದ್ದ ಹಾಗೆಯೇ ಜೋಡಿಸಿ ಡಬ್ಬವನ್ನು ಒಳಗೆ ತಳ್ಳಿದೆ. ಮಾರನೆಯ ದಿನವೇ ಅವಳ ಕೊನೆಯ ತಾರೀಖು. ಊಟದ ಸಾಲಿನಲ್ಲಿ ಅವಳ ಪಕ್ಕ ನಿಂತು, "ಬೆಳಿಗ್ಗೆ ನಿನಗೆ ಜ್ವರ. ಐದಕ್ಕೆ ಗೇಟಿನ ಹತ್ತಿರ ಬಾ," ಎಂದೆ. ಅವಳು ತಟ್ಟೆ ಹಿಡಿದವಳು ಹಾಗೆಯೇ ನಿಂತಳು. ಹಿಂದಿನವರು ತಳ್ಳಿದಾಗ ಮುಂದೆ ಸರಿದಳು.

ಬೆಳಿಗ್ಗೆ ಸಣ್ಣ ಮಳೆ. ಆಸ್ಪತ್ರೆಗೆ, ಜೊತೆಗೆ ವಾರ್ಡನ್ ಎಂದು ಚೀಟಿ ಬರೆದಿದ್ದೆ. ಮ್ಯಾನೇಜರ ಸಹಿ ಇರಲಿಲ್ಲ. ಕಾಂತಿಕಾಕಾ ಟಾರ್ಚು ಬಿಟ್ಟು ಓದಿದ. ರಮೀಲಾಳ ಹೆಗಲ ಚೀಲ ನೋಡಿದ. ಚೀಲ ಉಬ್ಬಿತ್ತು; ಮೇಲೆ ಒಂದು ಜೊತೆ ಚಪ್ಪಲಿಯ ಹಿಮ್ಮಡಿ ಕಾಣುತ್ತಿತ್ತು.

"ಆಸ್ಪತ್ರೆಗೆ ಎರಡು ಜೊತೆ ಚಪ್ಪಲಿ ಯಾಕೆ?"

ರಮೀಲಾ ನೆಲ ನೋಡುತ್ತಿದ್ದಳು. ಮುದುಕ ಅವಳ ಹಣೆಯ ಮೇಲೆ ಕೈಯಿಟ್ಟ.

"ಸುಡುತ್ತಿದೆ," ಎಂದ. ರಿಜಿಸ್ಟರಿನಲ್ಲಿ ಜ್ವರ ಎಂದು ಬರೆದು ಚಿಕ್ಕ ಬಾಗಿಲು ತೆಗೆದ.

ರೈಲಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಕಿಟಕಿಯ ಆಚೆ ಗದ್ದೆಗಳಲ್ಲಿ ನೀರು ನಿಂತಿತ್ತು. ಆರು ತಿಂಗಳಲ್ಲಿ ಅವಳು ಅಷ್ಟು ದೂರ ನೋಡಿರಲಿಲ್ಲವೋ ಏನೋ, ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಳು. ಆಣಂದ್ ದಾಟಿದ ಮೇಲೆ ಕೇಳಿದಳು:

"ನೀವು ವಾಪಸು ಹೋಗುತ್ತೀರಾ ಬೆನ್?"

"ಹೋಗಬೇಕಲ್ಲ."

"ಯಾಕೆ?"

ನನ್ನ ಪೆಟ್ಟಿಗೆ ಅಲ್ಲಿದೆ ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ವಡೋದರಾದಲ್ಲಿ ಇಳಿದು ಆಟೋ ಹಿಡಿದು ಮಾಂಜಲ್‌ಪುರದ ಕಡೆ ಹೋದೆವು. ನರ್ಸಿಂಗ್ ಶಾಲೆಯ ವರಾಂಡದಲ್ಲಿ ಆಗಲೇ ಸಾಲು. ಎಲ್ಲ ಹುಡುಗಿಯರ ಜೊತೆಗೂ ಅಪ್ಪನೋ ಅಣ್ಣನೋ ಇದ್ದರು. ನಮ್ಮ ಸರದಿ ಬಂದಾಗ ಗುಮಾಸ್ತೆ ಕಾಗದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಕೊನೆಗೆ ಪೋಷಕರ ಸಹಿ ಎಂದು ಒಂದು ಹಾಳೆ ಮುಂದಿಟ್ಟಳು.

"ಸಂಬಂಧ?"

"ಮಾಸಿ," ಎಂದಳು ರಮೀಲಾ, ನಾನು ಬಾಯಿ ತೆರೆಯುವ ಮೊದಲೇ. ಚಿಕ್ಕಮ್ಮ.

ನಾನು ಸಹಿ ಹಾಕಿದೆ. ಗುಮಾಸ್ತೆ ಹಾಳೆಯನ್ನು ತಿರುಗಿಸಿ ನೋಡಿ, "ಇದು ಯಾವ ಭಾಷೆ?" ಎಂದಳು. ಕನ್ನಡ ಎಂದೆ. ರಮೀಲಾಳ ಮುಖ ನೋಡಿದಳು, ನನ್ನ ಮುಖ ನೋಡಿದಳು, ನಕ್ಕು ಮೊಹರು ಒತ್ತಿದಳು.

ಶಾಲೆಯ ಹಾಸ್ಟೆಲಿನಲ್ಲಿ ಅಂದಿನಿಂದಲೇ ಜಾಗವಿತ್ತು. ಬೀಳ್ಕೊಡುವಾಗ ಅವಳು ಕಾಲು ಮುಟ್ಟಲು ಬಗ್ಗಿದಳು, ನಾನು ತಡೆದೆ. ರಸ್ತೆಗೆ ಬಂದು ಗಿರಿಜಕ್ಕನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಛಲೋ ಮಾಡಿದಿ. ಆದರ ಹೊಳ್ಳಿ ಆ ಕಡೆ ಹೋಗಬ್ಯಾಡ ಜಯಾ. ಸೀದಾ ನಮ್ಮ ಮನಿಗೆ ಬಾ. ನಿನ್ನ ಸಾಮಾನು ಇವರು ಹೋಗಿ ತರ್ತಾರ."

ಅವರ ಮಾತು ಕೇಳಬಹುದಿತ್ತು. ಆದರೂ ಹೋದೆ. ಕೆಲಸ ಉಳಿಯಬಹುದು, ಸಾಹೇಬರಿಗೆ ಹೇಳಿದರೆ ಅರ್ಥವಾಗಬಹುದು ಎಂಬ ಆಸೆ ಇನ್ನೂ ಎಲ್ಲೋ ಇತ್ತು. ಆ ಗೇಟಿಗೆ ನಾನು ಎಷ್ಟು ಒಗ್ಗಿಹೋಗಿದ್ದೆ ಎಂದರೆ ಹೊರಗಿದ್ದಾಗ ಕೈ ಗಡಿಯಾರದ ಕಡೆಗೇ ಹೋಗುತ್ತಿತ್ತು.

ನಾಲ್ಕು ಗಂಟೆಗೆ ತಲುಪಿದಾಗ ನನ್ನ ಪೆಟ್ಟಿಗೆ, ಹಾಸಿಗೆ ಸುರುಳಿ ಎರಡೂ ಗೇಟಿನ ಕೋಣೆಯ ಹೊರಗಿದ್ದವು. ಕಾಂತಿಕಾಕಾನ ಜಾಗದಲ್ಲಿ ಬೇರೊಬ್ಬ ಕೂತಿದ್ದ. ಮುದುಕನನ್ನು ಮಧ್ಯಾಹ್ನವೇ ಮನೆಗೆ ಕಳಿಸಿದ್ದರು. ತ್ರಿವೇದಿ ಸಾಹೇಬರು ಬಂದು ನಿಂತರು. ಕೂಗಾಡಲಿಲ್ಲ.

"ಡಬ್ಬ ಎಣಿಸಿದೆವು. ಒಂದು ಕಮ್ಮಿ," ಎಂದರು. "ನಿಮಗೆ ಒಬ್ಬಳು ಕಂಡಳು ಜಯಾಬೆನ್. ನನಗೆ ಇಡೀ ಲೈನು ಕಾಣಬೇಕು. ಇವತ್ತಿನಿಂದ ಚೀಟಿಗಳೇ ಇಲ್ಲ, ಆಸ್ಪತ್ರೆಗೂ ಕಂಪನಿಯ ಗಾಡಿಯಲ್ಲೇ. ಇದನ್ನು ನಾನು ಮಾಡಿದ್ದಲ್ಲ."

ನಾನು ಹಾಸಿಗೆ ಸುರುಳಿಯನ್ನು ಎತ್ತಿ ಪೆಟ್ಟಿಗೆಯ ಮೇಲಿಟ್ಟೆ. ಪತ್ರದ ಬಗ್ಗೆ ಕೇಳಲಿಲ್ಲ.

ರಮೀಲಾ ಮೂರು ವರ್ಷ ಓದಿ ಈಗ ಸೂರತ್‌ನಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುವಾಗ ಒಮ್ಮೊಮ್ಮೆ ಫೋನು ಮಾಡುತ್ತಾಳೆ. ಪತ್ರವಿಲ್ಲದ ನನ್ನನ್ನು ಬೆಂಗಳೂರಿನ ಕಂಪನಿ ಒಳಗೆ ಬಿಡಲಿಲ್ಲ. ಮದ್ದೂರಿನಲ್ಲಿಯೇ ಎರಡು ಮೆಶಿನ್ನು ಹಾಕಿಕೊಂಡು ಹೊಲಿಗೆ ಹೇಳಿಕೊಡುತ್ತೇನೆ. ಕಾವ್ಯಾ ಕಾಲೇಜು ಮುಗಿಸುತ್ತಿದ್ದಾಳೆ. ನರೋಡಾದ ಆ ಘಟಕ ಮುಚ್ಚಿಹೋಯಿತೆಂದು ಗಿರಿಜಕ್ಕ ಹೇಳಿದರು. ನಮಗಿಂತ ಕಡಿಮೆಗೆ ಹೊಲಿಯುವ ಇನ್ಯಾವುದೋ ದೇಶ ಸಿಕ್ಕಿತಂತೆ, ಆರ್ಡರು ಅಲ್ಲಿಗೆ ಹೋಯಿತಂತೆ. ಅಲ್ಲಿಯೂ ಯಾರೋ ಒಬ್ಬಳು ಕಾಗದದ ಗೆರೆಯ ಮೇಲೆ ಸೂಜಿ ಓಡಿಸುವುದನ್ನು ಕಲಿಸುತ್ತಿರಬೇಕು. ಮುಚ್ಚುವಾಗ ಹುಡುಗಿಯರಿಗೆ ಕಾಗದಗಳನ್ನು ಕೊಟ್ಟರೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯ ನಾನೂ ಮಾಡಲಿಲ್ಲ.

ರಮೀಲಾಳ ಕತೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಕೇಳಿದವರೆಲ್ಲ ಹೊಗಳಿದ್ದಾರೆ. ಆದರೆ ಅಂದು ಗೇಟಿನ ಬಳಿ ಆಟೋಗೆ ಕಾಯುತ್ತಿದ್ದಾಗ ನಡೆದದ್ದನ್ನು ಯಾರಿಗೂ ಹೇಳಿರಲಿಲ್ಲ.

ಸಂಜೆಯ ಚಹಾ ಬಿಡುವು. ಹುಡುಗಿಯರು ಅಂಗಳಕ್ಕೆ ಬಂದಿದ್ದರು. ಡಬ್ಬದ ಸುದ್ದಿ ಆಗಲೇ ಇಡೀ ಲೈನಿಗೆ ಹಬ್ಬಿತ್ತು. ಯಾರೂ ನನ್ನ ಕಡೆ ಬರಲಿಲ್ಲ. ಹಂಸಾ ಮಾತ್ರ ಚಹಾದ ಲೋಟ ಹಿಡಿದು ಗೇಟಿನ ಸರಳುಗಳ ಆ ಬದಿಗೆ ಬಂದು ನಿಂತಳು.

"ರಮೀಲಾ ಸೇರಿಕೊಂಡಳಾ?"

"ಸೇರಿಕೊಂಡಳು."

ಅವಳಿಗೆ ಸಂತೋಷವಾಯಿತು. ನಿಜವಾಗಿಯೂ ಆಯಿತು. ಒಂದು ಗುಟುಕು ಕುಡಿದು ಕೇಳಿದಳು:

"ಬೆನ್, ಆ ಡಬ್ಬದಲ್ಲಿ ನನ್ನದೂ ಇತ್ತಾ?"

"ಇತ್ತು."

"ಎರಡು ರಾತ್ರಿ ಪೂರ್ತಿ ನಿಮ್ಮ ಹತ್ತಿರವೇ ಇತ್ತಾ?"

"ಹೂಂ."

ಯಾಕೆ ಕೊಡಲಿಲ್ಲ ಎಂದು ಕೇಳುತ್ತಾಳೆಂದು ಕಾದೆ. ಅರವತ್ತೊಂದು ಕವರುಗಳನ್ನು ಮೂರು ಅಂತಸ್ತು ಹತ್ತಿ ಹಂಚಿಬರಲು ಅರ್ಧ ಗಂಟೆ ಸಾಕಿತ್ತು. ಅದು ಹೊಳೆದದ್ದೇ ನನಗೆ ಆಗ, ಅವಳ ಮುಖದ ಮುಂದೆ. ಆದರೆ ಹಂಸಾ ಕೇಳಿದ್ದು ಅದನ್ನಲ್ಲ.

"ಹತ್ತನೆಯ ತರಗತಿಯ ಕಾರ್ಡು. ಗಣಿತದಲ್ಲಿ ನನಗೆ ಎಷ್ಟು ಬಂದಿತ್ತು, ನೋಡಿದಿರಾ? ಈ ಕೆಲಸಕ್ಕೆಂದು ಶಾಲೆಯಿಂದ ಬಿಡಿಸಿಕೊಂಡ ದಿನವೇ ಇಲ್ಲಿಗೆ ತಂದುಕೊಟ್ಟೆ, ನಾನೇ ಸರಿಯಾಗಿ ನೋಡಲಿಲ್ಲ."

ನಾನು ಅವಳ ಕವರನ್ನು ಕೈಯಲ್ಲಿ ಹಿಡಿದಿದ್ದೆ. ರಮೀಲಾ ಅಲ್ಲ ಎಂದು ತಿಳಿದ ತಕ್ಷಣ ಪಕ್ಕಕ್ಕೆ ಇಟ್ಟಿದ್ದೆ.

"ಚೆನ್ನಾಗಿ ಬಂದಿದೆ," ಎಂದೆ.

"ಪಾಸಾ?"

"ಪಾಸು."

ಗಂಟೆ ಹೊಡೆಯಿತು. ಅವಳು ಉಳಿದ ಚಹಾವನ್ನು ನೆಲಕ್ಕೆ ಚೆಲ್ಲಿ, ನಗುತ್ತ, ಒಳಗೆ ಓಡಿದಳು.